ಯಾರ ಮನೆಯ ಹೆಪ್ಪು

ಹೆಬ್ಬಾಳದ ಆಚೆ, ನಾಲ್ಕನೇ ಮಹಡಿಯ ಲ್ಯಾಬಿನಲ್ಲಿ
ಗಾಜು ತೊಳೆಯೋದು ನನ್ನ ಕೆಲಸ.
ಸೋಪಿನ ನೀರು, ನಲ್ಲಿ ನೀರು, ಮೂರು ಸಲ ಬಟ್ಟಿ ನೀರು,
ಆಮೇಲೆ ದೊಡ್ಡ ಕುಕ್ಕರಿನಲ್ಲಿ ಹಬೆ.
ಒಂದು ಉಸಿರಿನ ಗುರುತೂ ಉಳೀಬಾರದು ಮುನಿರತ್ನಮ್ಮ,
ಅಂತಾರೆ ಫಿರ್ದೌಸ್ ಮೇಡಂ.
ಜೀವ ಹೇಗೆ ಹುಟ್ಟಿತು ಅಂತ ಹುಡುಕೋರು ಅವರು.
ಹುಡುಕೋಕೆ ಮೊದಲು
ಇರೋ ಜೀವವನ್ನೆಲ್ಲ ನಾನು ಕೊಲ್ಲಬೇಕು.

ಊಟದ ಹೊತ್ತಿಗೆ ಜಗಳ ಶುರು.
ಮೊದಲು ಬಂದದ್ದು ಅಕ್ಷರ, ಅಂತಾರೆ ಇಂದುಧರ ಸರ್,
ತನ್ನನ್ನೇ ನಕಲು ಮಾಡಿಕೊಳ್ಳೋ ನಾಲ್ಕಕ್ಷರದ ಒಂದು ಎಳೆ.
ಅಲ್ಲ, ಮೊದಲು ಒಲೆ, ಅಂತಾರೆ ಮೇಡಂ,
ಸಮುದ್ರದ ತಳದ ಬಿಸಿ ಕಲ್ಲಿನ ಸಂದಿಯಲ್ಲಿ
ಬರೆಯೋರು ಯಾರೂ ಇಲ್ಲದೆ ನಡೆದ ಅಡುಗೆ.
ಚಪಾತಿ ಆರುತ್ತೆ. ಚಟ್ನಿ ಡಬ್ಬಿಯ ಮುಚ್ಚಳದ ಮೇಲೆ
ಸರ್ ಪೆನ್ನಿನಲ್ಲಿ ಏನೋ ಗೀಚುತ್ತಾರೆ.
ಆ ಮುಚ್ಚಳವನ್ನೂ ನಾನೇ ತೊಳೆಯೋದು.

ಲಾಲ್‌ಬಾಗಿನ ಬಂಡೆಗೆ ಮುನ್ನೂರು ಕೋಟಿ ವರ್ಷವಂತೆ.
ಅದಕ್ಕಿಂತ ಹಳೇದಂತೆ ಜೀವ.
ಮಗಳನ್ನು ಕರಕೊಂಡು ಹೋಗಿ
ಅದರ ಮೇಲೆ ಕೂತು ಕಡಲೇಕಾಯಿ ತಿಂದಿದ್ದೆವು,
ಹಿರಿಯರ ಮುಂದೆ ಕಾಲು ಚಾಚಿದ ಹಾಗೆ ಅಳುಕಿತ್ತು.
ಈಗ ನೋಡಿದರೆ ಅದೇ ನಮಗಿಂತ ಕಿರಿಯದು.

ಹೋದ ಆಷಾಢದಲ್ಲಿ,
ಒಳ್ಳೇದೇನೂ ಶುರು ಮಾಡಬಾರದ ತಿಂಗಳಲ್ಲಿ,
ಒಂದು ಫ್ಲಾಸ್ಕಿನ ತಳಕ್ಕೆ ಕೆನೆಯಂಥ ಪೊರೆ ಕಟ್ಟಿತು.
ಮೇಡಂ ಮಾತಾಡಲಿಲ್ಲ. ಕನ್ನಡಕ ತೆಗೆದು ಒರೆಸಿದರು,
ಹಾಕಿಕೊಂಡರು, ಮತ್ತೆ ತೆಗೆದರು.
ಮೂರನೇ ದಿನ ಗೊತ್ತಾಯಿತು:
ಯಾರದೋ ಚರ್ಮದ ಮೇಲಿನ ಮಾಮೂಲಿ ಕ್ರಿಮಿ.
ಬಹುಶಃ ನನ್ನದೇ.
ಬೈಯಲಿಲ್ಲ. ಇಷ್ಟೇ ಅಂದರು:
ಲೋಕ ತುಂಬಿಹೋಗಿದೆ ಮುನಿರತ್ನಮ್ಮ,
ಇವತ್ತು ಹೊಸದಾಗಿ ಒಂದು ಜೀವ ಕಣ್ಣು ಬಿಟ್ಟರೂ
ಹಳೇದು ಬಂದು ತಿಂದುಬಿಡುತ್ತೆ.

ನಾನು ಕೇಳಿದೆ: ಮೊಸರಿಗೆ ಹೆಪ್ಪು ಬೇಕಲ್ಲ ಮೇಡಂ.
ನನ್ನದು ಮತ್ತೀಕೆರೆಯಲ್ಲಿ ಪಕ್ಕದ ಮನೆ ಜೆಸಿಂತಮ್ಮ ಕೊಟ್ಟದ್ದು,
ಅವಳದು ಕೆಜಿಎಫ್‌ನಿಂದ ಟಿಫನ್ ಡಬ್ಬಿಯಲ್ಲಿ ಬಂದದ್ದು,
ಅದಕ್ಕೂ ಹಿಂದೆ ಯಾರ ಮನೆಯದೋ.
ಹೀಗೇ ಗೋಡೆ ದಾಟಿ ದಾಟಿ ಹಿಂದೆ ಹೋದರೆ
ಮೊದಲ ಹೆಪ್ಪು ಕೊಟ್ಟವರ ಮನೆ ಎಲ್ಲಿ?
ಒಣಮೆಣಸಿನ ತೊಟ್ಟು ಹಾಕಿದರೂ ಹಾಲು ಹೆಪ್ಪಾಗುತ್ತೆ,
ನಮ್ಮಜ್ಜಿ ಮಾಡುತ್ತಿದ್ದಳು, ಅಂದೆ.
ತೊಟ್ಟಿನ ಮೇಲೂ ಆಗಲೇ ಯಾರೋ ಕೂತಿರುತ್ತಾರೆ, ಅಂದರು ಸರ್.
ಅವರು ಎಲ್ಲಿಂದ ಬಂದರು?
ಚಪಾತಿ ಮತ್ತೆ ಆರಿತು.

ರಾತ್ರಿ ಹಾಲಿಗೆ ಹೆಪ್ಪು ಬಿಡುವಾಗ ಅನಿಸುತ್ತೆ,
ಮೊದಲ ಮೊಸರು ಯಾರೂ ಮಾಡಿದ್ದಲ್ಲ.
ಒಂದು ಪಾತ್ರೆ, ಒಂದು ಸೆಕೆ, ಒಂದು ಮರೆವು.
ಹಾಲು ಕೆಟ್ಟಿತು ಅಂದುಕೊಂಡವಳು
ಚೆಲ್ಲೋಕೆ ಬಚ್ಚಲವರೆಗೂ ಹೋಗಿ
ಯಾಕೋ ನಿಂತು, ಬೆರಳದ್ದಿ ನೆಕ್ಕಿದಳು.

ಮೊದಲ ಜೀವಕ್ಕೆ ಹಾಗೆ ನಿಂತು ನೋಡೋಕೂ
ಒಬ್ಬರಿರಲಿಲ್ಲ.
ತೊಳೆಯೋರೂ ಇರಲಿಲ್ಲ, ಅದರ ಪುಣ್ಯ.

ಬೆಳಿಗ್ಗೆ ಸಿಂಕಿನಲ್ಲಿ ಹದಿನೇಳು ಫ್ಲಾಸ್ಕು.
ಒಂದರ ತಳ ಸ್ವಲ್ಪ ಮಂಕು.
ಕಿಟಕಿಯ ಬೆಳಕಿಗೆ ಹಿಡೀತೀನಿ.
ಒಂದು ವಿಮಾನ ಗಾಜಿನೊಳಗೇ ದಾಟಿಹೋಗುತ್ತೆ.
ಅಷ್ಟು ಹೊತ್ತು.
ಆಮೇಲೆ ನಲ್ಲಿ ತಿರುಗಿಸ್ತೀನಿ.