ಸಕ್ಕರೆ ಕಟ್ಟಿ ಬಂದ ಕತೆ

ಎಲ್ ಒಬೈದ್ ಪೇಟೆಯಿಂದ ಸಕ್ಕರೆ ಕಟ್ಟಿ ತಂದ
ಹಳೇ ಪೇಪರಿನಲ್ಲಿ ನಾವಿದ್ದೆವು.
ಇಡೀ ಉಮ್ ಹಶಾಬ, ಎರಡೂವರೆ ಅಂಕಣದಲ್ಲಿ.
ಮೇಷ್ಟ್ರು ದಫ್‌ಅಲ್ಲಾ ಹರಳು ಕೊಡವಿ,
ಇರುವೆ ಊದಿ, ಗಂಟಲು ಸರಿಮಾಡಿ ಓದಿದ.
ಕಾಫಿಯ ಜಬನ ಎರಡನೇ ಸಲ ಉಕ್ಕುವಷ್ಟರಲ್ಲಿ
ಕತೆ ಮುಗಿದಿತ್ತು.

ಇಷ್ಟೇನಾ ನಾವು, ಅಂದಳು
ಕಿಸ್ರಾ ಹಿಟ್ಟಿನ ಕೈ ಎತ್ತಿ ಹಿಡಿದ ಬಖೀತಾ.

ನಿನ್ನ ಹೆಸರಿತ್ತು ಕೆಳಗೆ, ನನ್ನ ಅಕ್ಕನ ಮಗನೇ,
ಹಾಗಾಗಿ ತಪ್ಪೆಲ್ಲ ನನ್ನ ಬಾಗಿಲಿಗೇ ಬಂತು.
ಹಮ್ಮಾದನ ಒಂಟೆ ಎಲ್ಲಿ ಕುಂಟಾಗಿತ್ತು?
ಕುಂಟ ಹಮ್ಮಾದ.
ಗೋಂದು ತೆಗೆಯುವುದು ಮಳೆಯಲ್ಲಲ್ಲ,
ಎಲೆ ಉದುರಿ ಚಳಿ ಹೊಕ್ಕ ಮೇಲೆ.
ಹಶಾಬಕ್ಕೆ ಕೊಡಲಿ ಬೀಸುತ್ತಾರೇನು ಯಾರಾದರೂ?
ಗೀರುತ್ತಾರೆ, ತೆಳ್ಳಗೆ,
ನನ್ನ ಕೆನ್ನೆಯ ಈ ಮೂರು ಗೆರೆಯಂತೆ.
ಆಮೇಲೆ ಕಾಯುತ್ತಾರೆ.

ತಬಲ್ದಿ ಮರ ಅಂದರೆ ಪೂರ್ವಿಕರ ಮೌನವಂತೆ!
ಅಯ್ಯೋ, ಅದು ನೀರಿನ ಹಂಡೆ ಕಣೋ.
ಹೊಟ್ಟೆ ಕೊರೆದು, ಮಳೆ ತುಂಬಿ, ಬಾಯಿ ಮುಚ್ಚಿ
ಬೇಸಿಗೆಯ ತುದಿವರೆಗೆ ಕಾಪಾಡುತ್ತೇವೆ.
ಒಂದೊಂದಕ್ಕೂ ಹೆಸರಿದೆ, ಪಾಲುದಾರರಿದ್ದಾರೆ, ಜಗಳವೂ ಇದೆ.
ಕಾಲವೇ ನಿಂತುಹೋದ ಊರು ಅಂತಲೂ ಬರೆದಿದ್ದೀಯ.
ನಿಂತದ್ದು ಡೀಸೆಲ್ ಪಂಪು.

ಅಬ್ಬಕರನ ಕಾಲು ಮುರಿದ ವರ್ಷ
ನಫೀರ್ ಕರೆದು ನಲವತ್ತು ಗುದ್ದಲಿ ಇಳಿದವಲ್ಲ ಅವನ ಸಜ್ಜೆ ಹೊಲಕ್ಕೆ,
ಹೊತ್ತು ಇಳಿಯುವ ಮುನ್ನ ಕಳೆಯೆಲ್ಲ ಬದುವಿನ ಮೇಲೆ,
ಅಷ್ಟು ಬಾಯಿಗೆ ಅನ್ನ ಸಾಲದೆ ಅವನ ಹೆಂಡತಿ
ಪಕ್ಕದ ಮನೆಯ ಗಡಿಗೆ ಕದ್ದು, ಸಿಕ್ಕಿಬಿದ್ದು,
ಎಲ್ಲರೂ ನಕ್ಕು, ಅವಳೂ ನಕ್ಕು...
ಅದನ್ನು ಬರೆಯಲಿಲ್ಲ ನೀನು.
ಯಾರೂ ಸಾಯಲಿಲ್ಲವಲ್ಲ ಅದರಲ್ಲಿ.

ಕೊನೆಗೆ ಒಬ್ಬ ಮದುಮಗಳು ಬಂದಳು.
ಜಿರ್ತಿಗ್ ಮುಗಿದ ರಾತ್ರಿ, ಮೈತುಂಬ ಚಂದನದ ಹೊಗೆ,
ಎಲ್ಲ ಮಲಗಿದ ಮೇಲೆ ಮಣಿಕಟ್ಟಿನ ಕೆಂಪು ರೇಷ್ಮೆ ಬಿಚ್ಚಿ
ಮೇಕೆಮರಿಯ ಕೊರಳಿಗೆ ಕಟ್ಟಿ
ನೋಡುತ್ತ ಕೂತಳು.
ಕೋಳಿ ಕೂಗುವ ಮೊದಲು ಮತ್ತೆ ತನ್ನ ಕೈಗೇ ಕಟ್ಟಿಕೊಂಡಳು,
ಹಲ್ಲಿನಿಂದ ಗಂಟೆಳೆದು.

ಓದು ನಿಂತಿತು. ಊರಿಗೆ ಊರೇ ತಲೆಯಾಡಿಸಿತು.
ನಮ್ಮ ಹುಡುಗಿಯರು ಹಾಗೆ ಮಾಡುವವರಲ್ಲ,
ಪೇಟೆ ಸೇರಿದವನಿಗೆ ಪದ್ಧತಿ ಏನು ಗೊತ್ತು.
ಶುದ್ಧ ಸುಳ್ಳು ಅಂದರು.
ಸುಳ್ಳು, ಅಂದೆ ನಾನೂ,
ಎಲ್ಲರಿಗಿಂತ ಜೋರಾಗಿ.

ನಿನಗಾಗ ಏಳು ವರ್ಷ. ಜ್ವರ.
ಅಂಗರೇಬ್ ಮಂಚದ ಕೆಳಗೆ ಮಲಗಿಸಿದ್ದರು,
ನೆಲ ತಂಪೆಂದು.
ನಿದ್ದೆ ಬಂದಿದೆ ಅಂದುಕೊಂಡಿದ್ದೆ.

ಒಲೆಗೆ ಹಾಕು ಅಂತ ಕಾಗದ ನನ್ನ ಕೈಗೇ ಕೊಟ್ಟರು.
ಮಡಿಕೆಯಲ್ಲಿ ಇನ್ನೂ ನಾಲ್ಕು ಹರಳಿದ್ದವು, ನೆಕ್ಕಿದೆ.
ಉಳಿದದ್ದು ಎಲ್ಲಿದೆ ಅಂತ ಹೇಳುವುದಿಲ್ಲ.

ಇನ್ನೊಮ್ಮೆ ಬರೆದರೆ ತಿದ್ದಿಕೋ:
ಮರಿ ಬಿಳಿಯದಲ್ಲ.
ಕಪ್ಪು. ಒಂದು ಕಿವಿ ಮಾತ್ರ ಕಂದು.