ಹುಣ್ಣಿಮೆಯ ವಾರ

ಬೆಳದಿಂಗಳನ್ನು ಹೊಗಳುವವರು ನಮ್ಮ ದಂಡೆಯಲ್ಲಿ ಯಾರೂ ಇಲ್ಲ.
ಒಮೆನಾ ಮೀನು ಬೆಳದಿಂಗಳಿಗೆ ಮೇಲೇಳದು.
ಕಗ್ಗತ್ತಲಲ್ಲಿ ದೀಪಕ್ಕೆ ಮರುಳಾಗುವ ಜಾತಿ ಅದು,
ಕಿರುಬೆರಳಷ್ಟುದ್ದ, ಬೆಳ್ಳಿಯ ಮೊಳೆಯ ಹಾಗೆ.
ಆ ವಾರ ದೋಣಿಗಳೆಲ್ಲ ಬೋರಲು,
ಗಂಡಸರೆಲ್ಲ ದಡದಲ್ಲಿ,
ಜೇಬಿನಲ್ಲಿ ಕಳೆದ ಕತ್ತಲೆಯ ದುಡ್ಡು.

ಜಬೋಯಾ ಅಂತ ನಮ್ಮಲ್ಲೊಂದು ಪದವಿದೆ.
ಅರ್ಥ ಹೇಳಲಾರೆ, ಲೆಕ್ಕ ಹೇಳುತ್ತೇನೆ:
ಒಂದು ಬೇಸಿನ್ ಮೀನು.
ಅರ್ಧ ಬೆಲೆ ಕೈಯಲ್ಲಿ.
ಮಿಕ್ಕರ್ಧಕ್ಕೆ, ಬಲೆ ಒಣಹಾಕಿದ ಕಡೆ ಹಿಂದೊಂದು ಗುಡಿಸಲು.
ಆ ಗುಡಿಸಲಿನಲ್ಲಿ ಕಾಂಡೋಮ್ ಎಂದರೆ
ಅದೂ ಒಂದು ಚೌಕಾಸಿಯಂತೆ ಕೇಳುತ್ತದೆ;
ಹೆಚ್ಚು ಮಾತಾಡಿದರೆ ನಾಳೆಯ ಬೇಸಿನ್
ಇನ್ನೊಬ್ಬಳ ತಲೆಯ ಮೇಲೆ.

ಆಸ್ಪತ್ರೆಯವರು ಬಂದು ಮೀನು ತೂಗುವ ಕೋಣೆಯ ಗೋಡೆಗೆ
ಕಾಗದ ಅಂಟಿಸಿ ಹೋದರು: ನಂಬಿಗಸ್ತರಾಗಿರಿ.
ಯಾರಿಗೆ?
ಮೀನಿಗೋ, ಮಕ್ಕಳ ಶಾಲೆಯ ಫೀಸಿಗೋ?

ನನ್ನ ಹೆಸರು ಅಜ್ವಾಂಗ್. ನನ್ನೊಳಗೆ ಅದು ಬಂದು ಹನ್ನೊಂದು ವರ್ಷ.
ಯಾವ ಬೇಸಿನ್ನಿನ ಜೊತೆ ಬಂತೋ ತಿಳಿಯದು.
ಆ ವರ್ಷ ಎಲ್ಲ ಮೀನೂ ಚೆನ್ನಾಗಿ ಒಣಗಿದ್ದವು,
ಕಿಸುಮು ಪೇಟೆಯಲ್ಲಿ ಒಳ್ಳೆ ಬೆಲೆಗೆ ಹೋಗಿದ್ದವು.

ದಿನಕ್ಕೊಂದು ಮಾತ್ರೆ. ಗಡಿಯಾರ ಬೇಕಿಲ್ಲ,
ನೀರಿನ ಮೇಲೆ ದೀಪಗಳು ಸಾಲುಗಟ್ಟಿದಾಗ ನುಂಗುತ್ತೇನೆ.
ಹುಣ್ಣಿಮೆಯ ವಾರ ದೀಪವಿಲ್ಲ,
ಆಗ ಅಪೊಂಡಿ ಬಂದು ಬಾಗಿಲು ತಟ್ಟುತ್ತಾಳೆ.
ಇಪ್ಪತ್ತರ ಹುಡುಗಿ. ಅವಳದೂ ಒಂದು ಡಬ್ಬಿ ನನ್ನ ಪೆಟ್ಟಿಗೆಯಲ್ಲಿದೆ.
ನನ್ನದು ಬಂದಿದ್ದಕ್ಕೆ, ಅವಳದು ಬಾರದಿರಲೆಂದು,
ಅಲುಗಿಸಿದರೆ ಎರಡರ ಸದ್ದೂ ಒಂದೇ.
ಊರಿಗೆಲ್ಲ ಆ ಸದ್ದಿನ ಗುರುತುಂಟು,
ಅದಕ್ಕೇ ಅವಳು ಒಳಗೆ ಹತ್ತಿ ತುರುಕಿದ್ದಾಳೆ.

"ಕಾಣುತ್ತಿಲ್ಲ" ಎಂದಳು ನರ್ಸ್ ಕ್ವಾಂಬೊಕ, ನನ್ನ ರಕ್ತದ ಚೀಟಿ ಓದಿ.
ಹೋಯಿತಾ?
"ಹೋಗಿಲ್ಲ. ಕಾಣುತ್ತಿಲ್ಲ. ಮಾತ್ರೆ ಬಿಡದಿದ್ದರೆ
ಹಾಸಿಗೆಯಲ್ಲಿ ನಿನ್ನಿಂದ ಇನ್ನೊಬ್ಬರಿಗೆ ದಾಟದು."
ದಾಟದು.
ಈ ನೀರಿನ ಪಕ್ಕ ಹುಟ್ಟಿದವಳಿಗೆ ಆ ಮಾತೇ ಹೊಸದು.
ಇಲ್ಲಿ ಎಲ್ಲವೂ ದಾಟುತ್ತದೆ:
ಕಾಲರಾ, ಕಳ್ಳ ಪೆಟ್ರೋಲು, ಉಗಾಂಡಾದ ಬಾಳೆಗೊನೆ,
ಸತ್ತವರ ಸುದ್ದಿ.
ಮನೆಗೆ ಬರುವ ದಾರಿಯುದ್ದಕ್ಕೂ ಆ ಪದವನ್ನು
ಬಾಯಲ್ಲಿಟ್ಟು ಚೀಪಿದೆ.

ಒಂಬತ್ತು ಜನ ಹೆಂಗಸರು ಸೇರಿ ಹಳೆಯ ದೋಣಿ ಕೊಂಡೆವು.
ತಳಕ್ಕೆ ಎಣ್ಣೆಡಬ್ಬದ ತಗಡಿನ ತೇಪೆ.
"ಹೆಂಗಸು ಮೆಟ್ಟಿದ ದೋಣಿಗೆ ಮೀನು ಬಾರದು" ಎಂದ ಓಲಾಲ್.
ಬಂತು. ಬಹಳವೇನಲ್ಲ.
ಹುಟ್ಟು ಹಾಕಲು ಗಂಡಸರನ್ನೇ ಇಟ್ಟೆವು,
ಕೂಲಿಯನ್ನು ಎಣಿಸಿ, ಪೂರ್ತಿ, ಹಗಲಿನಲ್ಲೇ ಕೊಟ್ಟೆವು.
ಲೆಕ್ಕದ ಪುಸ್ತಕ ನನ್ನ ಬಳಿ.

ಮಾರ್ಚಿಯಲ್ಲಿ ಬಲೆ ಕಳುವಾಯಿತು.
ಇಬ್ಬರು ಗುಡಿಸಲಿಗೆ ಮರಳಿದರು.
ಯಾರೆಂದು ಹೇಳುವುದಿಲ್ಲ.
ಅವರ ಹೆಸರು ಹೊಡೆದುಹಾಕಿಲ್ಲ,
ಮುಂದೆ ಖಾಲಿ ಜಾಗ ಬಿಟ್ಟಿದ್ದೇನೆ.
ಅಪೊಂಡಿ ಅವರ ಮನೆಗೂ ಹೋಗಿ ಬಾಗಿಲು ತಟ್ಟುತ್ತಾಳೆ,
ಸೆರಗಿನ ಗಂಟಲ್ಲಿ ಕಾಂಡೋಮು, ಮಾತ್ರೆ,
ಒಂದು ಹಿಡಿ ಉಪ್ಪುಮೀನು.
ಬೈಗುಳ ತಿಂದು ಬರುತ್ತಾಳೆ ಒಮ್ಮೊಮ್ಮೆ.

ಈ ರಾತ್ರಿ ತಟ್ಟಿದ್ದು ಅವಳೆಂದುಕೊಂಡೆ.
ಓಲಾಲ್ ನಿಂತಿದ್ದ, ಹ್ಯಾಟು ಕೈಯಲ್ಲಿ,
ಬೆಳದಿಂಗಳು ಅವನ ಬೋಳುತಲೆಯ ಮೇಲೆ.
ಹವೆಯ ಮಾತಾಡಿದ. ಬಲೆಯ ಮಾತಾಡಿದ.
ಎಷ್ಟೋ ಹೊತ್ತಾದ ಮೇಲೆ, ನೆಲ ನೋಡುತ್ತ,
"ಆ ಮಾತ್ರೆ, ಕಹಿಯಾ?"

ಗಂಟಲಲ್ಲಿ ಸಿಕ್ಕಿಕೊಂಡರೆ ಮಾತ್ರ, ಎಂದೆ.
ಮೊದಲು ಬೆರಳು ಚುಚ್ಚಿ ನೋಡಬೇಕು,
ನಾಳೆ ಬಾ, ಜೊತೆಗೆ ನಾನಿರುತ್ತೇನೆ.
ಅವನು ಹೋಗಲಿಲ್ಲ. ಕೂತ.
ನಾನು ನೀರು ತರಲು ಒಳಗೆ ಹೋದೆ,
ಒಂದು ಲೋಟ ನನಗೆ,
ಒಂದು ಅವನಿಗೆ, ಸುಮ್ಮನೆ ಕುಡಿಯಲು.