ಮುಳ್ಳಿಲ್ಲದ ಮೀನು

ಲುಬ್ಲಿನ್ನಿನ ಮೂರನೇ ಮಹಡಿ. ಈ ಕ್ರಿಸ್ಮಸ್ಸಿಗೆ
ನಮ್ಮ ಸ್ನಾನದ ತೊಟ್ಟಿಯಲ್ಲಿ ಮೀನಿಲ್ಲ.
ಅಪ್ಪ ಎರಡು ಸಲ ಇಣುಕಿ ನೋಡಿದ,
ದೀಪ ಆರಿಸಿ ಬಂದ.

ಸೆಲರಿ ಗಡ್ಡೆ ಮೊಂಡು, ಮೈಯೆಲ್ಲ ಮಣ್ಣು,
ಮುಖವೇ ಇಲ್ಲ ಅದಕ್ಕೆ.
ಹೆರೆದು, ಬೇಯಿಸಿ, ಬೆರಳು ದಪ್ಪ ಕೊಯ್ದು,
ಕಡಲಪಾಚಿಯ ಹಾಳೆ ಸುತ್ತಿ
ಹಿಟ್ಟಲ್ಲಿ ಹೊರಳಿಸಿ ಎಣ್ಣೆಗೆ ಬಿಟ್ಟೆ.
ಚುಂಯ್ ಎಂದಿತು. ಅಷ್ಟು ಸಾಕು ನನಗೆ.

‘ಇದರ ಮುಳ್ಳೆಲ್ಲಿ?’ ಗೆನೊವೆಫಾ ಅತ್ತೆ.
‘ಮುಳ್ಳಿಲ್ಲದ ಮೀನು, ಪಾಪವಿಲ್ಲದ ಪಾದ್ರಿ,
ನಾನಂತೂ ಕಂಡಿಲ್ಲ.’

ಏಳು ವರ್ಷದವಳಿದ್ದಾಗ ತೊಟ್ಟಿಯ ಮೀನಿಗೆ
ಹೆಸರಿಟ್ಟಿದ್ದೆ: ಬೊನಿಫಾತ್ಸಿ.
ಮೂರು ದಿನ ಬ್ರೆಡ್ಡಿನ ಚೂರು ಹಾಕಿದೆ.
ನಾಲ್ಕನೇ ದಿನ ಅಪ್ಪನ ಕೈಯಲ್ಲಿ ಸುತ್ತಿಗೆ.
ಈ ನಡುರಾತ್ರಿ ಪ್ರಾಣಿಗಳಿಗೆ ಮಾತು ಬರುತ್ತದಂತೆ.
ಅಷ್ಟರಲ್ಲಿ ಅವನು ಬೆಂದಿದ್ದ.

ಅದೇ ಸುತ್ತಿಗೆ ಈಗ ಅಕ್ರೋಟು ಒಡೆಯುತ್ತಿದೆ.
ಗೋಧಿಯ ಸಿಹಿಗೆ ಗಸಗಸೆ ಅರೆದೆ,
ಜೇನಿನ ಜಾಗದಲ್ಲಿ ಖರ್ಜೂರದ ಪಾಕ.
ಅಪ್ಪ ಏನೂ ಅನ್ನಲಿಲ್ಲ.

ಮೊದಲ ನಕ್ಷತ್ರ. ಹನ್ನೆರಡು ಬಗೆ.
ಬರದ ಅತಿಥಿಗೊಂದು ತಟ್ಟೆ, ವಾಡಿಕೆಯಂತೆ.
ವಾಡಿಕೆ ಇನ್ನೊಂದಿದೆ: ಮೀನಿನ ಹುರುಪೆಯೊಂದು
ಅಪ್ಪನ ಪರ್ಸಿಗೆ ಹೋಗಬೇಕು, ವರ್ಷವಿಡೀ ದುಡ್ಡು ನಿಲ್ಲಲೆಂದು.
ಗಡ್ಡೆಗೆಲ್ಲಿಯ ಹುರುಪೆ?

ಅವನೇ ಪರ್ಸು ಬಿಚ್ಚಿದ.
ಬಸ್ ಪಾಸಿನ ಹಿಂದೆ, ಕತ್ತರಿಸಿದ ಉಗುರಿನಂತೆ
ಹಳದಿಗಟ್ಟಿದ ಒಂದು ಚೂರು,
ಅಮ್ಮ ಇದ್ದ ಕೊನೆಯ ಹಬ್ಬದ್ದು.
ತೋರಿಸಿ, ಮತ್ತೆ ಒಳಗಿಟ್ಟ.
‘ಇದೇ ಸಾಕು’ ಎಂದು
ಇನ್ನೊಂದು ತುಂಡಿಗೆ ತಟ್ಟೆ ಚಾಚಿದ.

ಅತ್ತೆ ಮಾತ್ರ ನಾಲಿಗೆಯ ತುದಿಯಲ್ಲಿ
ಇನ್ನೂ ಮುಳ್ಳು ಹುಡುಕುತ್ತಿದ್ದಳು,
ಅಭ್ಯಾಸಬಲ.